ಹಿಂದೆ ಬರುವವನು

ಸೇತುರಾಮನ ಸಿನಿಮಾದಲ್ಲಿ ದೆವ್ವ ಅಂದರೆ ಹೆಣ್ಣೇ. ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲಲ್ಲಿ ಗೆಜ್ಜೆ. ಮೂಕಿ ಚಿತ್ರಕ್ಕೆ ಗೆಜ್ಜೆ ಯಾತಕ್ಕೋ, ಆ ಮಹಾರಾಯನನ್ನೇ ಕೇಳಬೇಕು. ದೆವ್ವ ನೋಡಿ ಮೂರ್ಛೆ ಹೋಗುವವಳೂ ಹೆಣ್ಣೇ. ಗಂಡಸರು ಸತ್ತರೆ ನೆಟ್ಟಗೆ ಸ್ವರ್ಗಕ್ಕೇ ಹೋಗುತ್ತಾರೆಂದು ಇವನಿಗೆ ಯಾರು ಹೇಳಿದರೋ ಕಾಣೆ.

1985ರ ಮಾತು. ವಿಜಯನಗರದ ಒಂದು ಕಾಲೇಜು, ಎರಡನೇ ವರ್ಷದ ಬಿ.ಎಸ್ಸಿ. ಹುಡುಗರು, ಸೇತುರಾಮನ ಮಾವ ಸಿಂಗಪುರದಿಂದ ತಂದುಕೊಟ್ಟ ಪುಟ್ಟ ಮೂವಿ ಕ್ಯಾಮೆರಾ. ಇಡೀ ತರಗತಿಯಲ್ಲಿ ಮಂಡಿಯವರೆಗೆ ಕೂದಲಿದ್ದದ್ದು ಅನಂತಲಕ್ಷ್ಮಿಗೆ. ಹಾಗಾಗಿ ದೆವ್ವದ ಪಾತ್ರ ಅವಳ ಪಾಲಿಗೇ ಬಂತು.

"ಮಾಡ್ತೀನಿ," ಅಂದಳು. "ಆದ್ರೆ ಒಂದು ಸೀನು ನಾನು ಹೇಳ್ದಂಗೆ ತೆಗೀಬೇಕು."

ಆ ಸೀನು ಇಷ್ಟೇ. ಒಬ್ಬ ಹುಡುಗಿ ಬಸ್ಸಿಳಿದು ನಡೆಯುತ್ತಾಳೆ. ಹಿಂದೆ ಒಬ್ಬ ಬರುತ್ತಾನೆ. ಅವಳು ನಿಂತರೆ ಅವನೂ ನಿಂತು ಬೀಡಿ ಹಚ್ಚುತ್ತಾನೆ. ಹುಡುಗಿಯಾಗಿ ಜಡೆ ಹೆಣೆದುಕೊಂಡು ಅವಳೇ ನಡೆದಳು. ಹಿಂದೆ ಬರುವವನಾಗಿ ಸೇತುರಾಮ.

"ಹಲ್ಲು ಕಾಣಿಸ್ಲೇನ್ರೀ?" ಅಂತ ಕೇಳಿದ.

"ಬೇಡ. ಸುಮ್ನೆ ಬನ್ನಿ. ಅವಸರ ಮಾಡ್ಬೇಡಿ."

"ಇದ್ರಲ್ಲಿ ಹೆದ್ರೋಕೆ ಏನಿದೆ ರೀ?"

ಅವಳು ಏನಂತ ಹೇಳಿಯಾಳು? ಶ್ರೀಗಂಧದ ಕಾವಲಿನ ಸ್ಟಾಪಿನಿಂದ ಮನೆಯ ತಿರುವಿನವರೆಗೆ ಒಬ್ಬ ಹೀಗೇ ಹಿಂದೆ ಬರಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಯಾವನೋ ಅಕ್ಕನ ಕಡೆ ಚೀಟಿ ಎಸೆದನೆಂದು ಒಂದೇ ವಾರದಲ್ಲಿ ಅಪ್ಪ ಅವಳ ಓದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವಳು. ಹೇಳಿದರೆ ತನ್ನ ಕಾಲೇಜೂ ಅಲ್ಲಿಗೆ ಮುಗಿಯಿತು. ನುಂಗಿಕೊಂಡಿರಲೂ ಆಗದೆ ಸಿನಿಮಾದೊಳಗೆ ತುರುಕಿದ್ದಳು.

ಕಾಲೇಜ್ ಡೇ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಕಂಬಳಿ ಕಟ್ಟಿ ಸಿನಿಮಾ ತೋರಿಸಿದರು. ಹೆತ್ತವರೂ ಬಂದಿದ್ದರು. ಬಿಳಿ ಸೀರೆಯ ದೆವ್ವ ಬಂದಾಗ ಹುಡುಗರು ಶಿಳ್ಳೆ ಹೊಡೆದರು, ತಾಯಂದಿರು ಬಾಯಿಗೆ ಸೆರಗಿಟ್ಟು ನಕ್ಕರು. ತನ್ನ ಅವತಾರ ನೋಡಿ ಅನಂತಲಕ್ಷ್ಮಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬೀಡಿಯವನು ಬಂದ. ಹೆಂಗಸರ ಕಡೆ ಗಪ್‌ಚಿಪ್. ಯಾರೂ ಮೂರ್ಛೆ ಹೋಗಲಿಲ್ಲ, ಸೆರಗು ಬಿಗಿಮಾಡಿಕೊಂಡರು ಅಷ್ಟೇ. ಪಕ್ಕದಲ್ಲಿದ್ದ ಅಮ್ಮ ಇಂದ್ರಮ್ಮ ಮಗಳ ಕೈ ಹಿಡಿದವರು ದೀಪ ಹತ್ತಿದರೂ ಬಿಡಲಿಲ್ಲ.

ಹೊರಗೆ ಅಪ್ಪ ನಾರಾಯಣಪ್ಪ ಖುಷಿಯಲ್ಲಿದ್ದರು. "ದೆವ್ವ ಚೆನ್ನಾಗಿತ್ತು ಕಣಮ್ಮ. ಆ ಬೀಡಿಯವನ್ದು ಮಾತ್ರ ತಲೆಬುಡ ಗೊತ್ತಾಗ್ಲಿಲ್ಲ. ಅಷ್ಟು ಹೆದ್ರಿದ್ರೆ ಆ ಹುಡುಗಿ ಮನೇಲಿ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವೇನು ಮಾಡ್ತಿದ್ರಿ?" ಇಂದ್ರಮ್ಮ ಕೇಳಿದರು.

"ಮಾಡೋದೇನು, ಕಾಲೇಜು ಬಿಡಿಸಿ ಮನೇಲಿ ಕೂರಿಸ್ತಿದ್ದೆ."

ಹಾಗಂದು ಎರಡು ಹೆಜ್ಜೆ ಮುಂದೆ ಹೋದವರು ನಿಂತರು. ತಿರುಗಿದರು. ಹೆಂಡತಿ ತಲೆ ತಗ್ಗಿಸಿದ್ದರು. ಮಗಳು ಅವರನ್ನೇ ನೋಡುತ್ತಿದ್ದಳು. ಅಪ್ಪನ ಮುಖ ಬಿಳುಚಿಕೊಂಡದ್ದನ್ನು ಅವಳು ಕಂಡಳು.

"ಯಾರಮ್ಮ ಅವ್ನು?" ದನಿ ಪೂರಾ ಇಳಿದುಹೋಗಿತ್ತು.

ಅನಂತಲಕ್ಷ್ಮಿ ಒಂದು ಹೆಜ್ಜೆ ಮುಂದೆ ಬಂದಳು. ಆ ಬೀಡಿಯವನಿಗೂ ಅವಳು ಇಷ್ಟು ಹೆದರಿರಲಿಲ್ಲ.

"ನಾಳೆ ಕಾಲೇಜಿಗೆ ಹೋಗು ಅಂತ ಮೊದ್ಲು ನೀವು ಹೇಳಿ ಅಪ್ಪ," ಅಂದಳು. "ಆಮೇಲೆ ಹೇಳ್ತೀನಿ."