ಮಂಡಿಗೆ ಬಂದ ಎಲೆಕ್ಟ್ರಾನಿಕ್ ತಕ್ಕಡಿ

ತಿಪಟೂರಿನ ಕೊಬ್ಬರಿ ಮಂಡಿಯ ಮ್ಯಾನೇಜರು ವೀರಭದ್ರಯ್ಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎರಡು ವರ್ಷ ಮುಂದೂಡಿದ್ದರು. ಅದು ಬಂದರೆ ಚೀಲ ತೂಗಿ ಲೆಕ್ಕ ಕೂಗುವ ಮಾಯಣ್ಣನಿಗೆ ಕೆಲಸವಿರುತ್ತಿರಲಿಲ್ಲ. ಆದರೆ ಎದುರು ಮಂಡಿಯವರು ತಂದರು. ಅಚ್ಚಾದ ತೂಕದ ಚೀಟಿಯಿಲ್ಲದ ಲಾರಿಗಳನ್ನು ದೆಹಲಿಯ ವ್ಯಾಪಾರಿಗಳು ವಾಪಸು ಕಳಿಸತೊಡಗಿದರು. ಕೊನೆಗೆ ಇಲ್ಲಿಗೂ ಯಂತ್ರ ಬಂತು.

"ನಂಗೇನೂ ಇಷ್ಟ ಇರ್ಲಿಲ್ಲ ಕಣಪ್ಪ," ಎಂದರು ವೀರಭದ್ರಯ್ಯ.

"ಗೊತ್ತು ಬುಡಿ ಅಯ್ನೋರೆ. ಈ ಮಿಸನ್ಗಾದ್ರೆ ಬೀಡಿ, ಟೀ ಏನೂ ಬ್ಯಾಡ," ಎಂದು ಮಾಯಣ್ಣ ನಕ್ಕ.

ಮೊದಲ ಚೀಲ ಏರಿತು. ಲೆಕ್ಕವನ್ನು 'ಒಂದು' ಎಂದು ಶುರುಮಾಡಬಾರದೆಂಬ ವಾಡಿಕೆಯಂತೆ ಮಾಯಣ್ಣ ಎಂದಿನ ರಾಗದಲ್ಲಿ "ಲಾಭ" ಎಂದು ಕೂಗಿದ. ಯಂತ್ರದಲ್ಲಿ ಕೆಂಪು ಅಂಕಿ ಆಗಲೇ ಮೂಡಿತ್ತು. ಹಮಾಲರು ಅದನ್ನು ನೋಡಿಕೊಂಡು ಚೀಲ ಇಳಿಸಿದರು.

ಎರಡನೆಯ ಚೀಲಕ್ಕೆ ಅವನು ಬಾಯಿ ತೆರೆಯಲಿಲ್ಲ. ಕೂಗಪ್ಪ ಎನ್ನಬೇಕೆಂದು ವೀರಭದ್ರಯ್ಯನವರಿಗೆ ಅನ್ನಿಸಿತು. ದೆಹಲಿಯವರ ಏಜೆಂಟು ಪಕ್ಕದಲ್ಲೇ ಕೂತಿದ್ದ; ವೀರಭದ್ರಯ್ಯ ಅಚ್ಚಾದ ಚೀಟಿ ಹರಿದು ಏಜೆಂಟನ ಕೈಗಿಟ್ಟರು.