ಮೌನಿಗೊಂದು ಕೆಟ್ಟ ಸದ್ದು

ಇದೂ ಅಲ್ಲ, ಇದು ಜೇನು, ನುಣ್ಣಗೆ ಜಾರಿ ಬಂದು ಕಿವಿಯಲ್ಲಿ ಕಾಲು ಚಾಚಿ ಕೂರುತ್ತೆ, ಇದನ್ನ ಕೇಳಿ ಯಾರು ಮುಖ ಸಿಂಡರಿಸ್ತಾರೆ, ಸಿಂಡರಿಸಬೇಕು, ಹಲ್ಲು ಜುಮ್ ಅನ್ನಬೇಕು — ಗಿಟಾರಿನ ಒಳ್ಳೆ ಸದ್ದನ್ನ ಕೆಡಿಸೋದಕ್ಕೆ ಅಂತಲೇ ಮಾಡಿರೋ ಡಬ್ಬಿಗಳಂತೆ ಇವು, ಡಿಸ್ಟಾರ್ಷನ್ ಪೆಡಲ್, ಕಾಲಲ್ಲಿ ಒತ್ತಿದರೆ ಕೆಡುತ್ತೆ, ಇನ್ನೊಂದು ಸಲ ಒತ್ತಿದರೆ ಸರಿಹೋಗುತ್ತೆ, ಆದರೆ ಕೆಡಿಸೋದರಲ್ಲೂ ಎಷ್ಟು ಮಾನ ಮರ್ಯಾದೆ ಇವಕ್ಕೆ, ಇದು ಏಳನೇದು, ನನಗೋ ಗಿಟಾರ್ ಬರಲ್ಲ, ಡ್ರಮ್ ಬಾರಿಸೋಳು, ಅಂಗಡಿಯ ಹಳೇ ಗಿಟಾರಿನ ದಪ್ಪ ತಂತಿ ಒಂದನ್ನೇ ಮೀಟ್ತಾ ಕೂತಿದೀನಿ, ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಲ್ಲಿ ಕಿನ್ನರಿ ಹಿಡಿದಿರೋದೇ ಕೋಣ, ಪೆಡಲ್ ಅಂದ್ರೆ ನನಗೆ ಗೊತ್ತಿರೋದು ಕ್ಲಚ್ಚು ಬ್ರೇಕು, ಹದಿನಾರು ವರ್ಷದಿಂದ ಜನಕ್ಕೆ ಕಾರು ಕಲಿಸ್ತಿದೀನಿ, ಹನ್ನೆರಡರ ಪಾಠದವರಿಗೆ ಜ್ವರ ಅಂತ ಒಂದು ಗಂಟೆ ಬಿಡುವು ಸಿಕ್ಕಿದೆ, ಅದರಲ್ಲಿ ಅರ್ಧ ಕಳೀತು. ಏನಮ್ಮಾ, ಕೊಳ್ತೀಯೋ ಇಲ್ಲ ಬರೀ ಕೂಗಿಸ್ತೀಯೋ, ಅಂಗಡಿಯಾಕೆ ಬಿಸಿ ಬೆಸುಗೆಕಡ್ಡಿ ಹಿಡಿದೇ ಕೇಳ್ತಾರೆ, ಅರವತ್ತು ದಾಟಿದ ಹೆಂಗಸು, ಹೊಟ್ಟೆ ಬಗೆದ ರೇಡಿಯೋದ ಮೇಲೆ ಬಗ್ಗಿ ಕನ್ನಡಕದ ಮೇಲಿಂದ ನೋಡ್ತಾರೆ, ಕೊಳ್ತೀನಮ್ಮ, ಆದರೆ ಇವೆಲ್ಲ ಒಳ್ಳೇವು, ನನಗೆ ಕೆಟ್ಟದ್ದು ಬೇಕು.

ನನಗಲ್ಲ, ಮೌನಿಗೆ. ನಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸೋನು, ಮೌನಿ ಅನ್ನೋದು ನಾವಿಟ್ಟ ಹೆಸರು, ಅವನಿಗೂ ಗೊತ್ತು, ಗೊತ್ತಾದ ದಿನ ಏನಂದ ಅಂತ ಕೇಳಿದರೆ ಏನೂ ಅನ್ನಲಿಲ್ಲ, ಅಷ್ಟೇ. ನನ್ನ ಹತ್ತಿರ ಕಾರು ಕಲಿಯೋಕೆ ಬಂದಿದ್ದವನು, ಮೊದಲ ಟೆಸ್ಟಿನಲ್ಲಿ ಫೇಲು, ಯಾಕೆ, ಎದುರಿಗೆ ನಾಯಿ ಬಂದರೂ ಹಾರನ್ ಹೊಡೀಲಿಲ್ಲ, ನಾಯಿ ತಾನಾಗಿ ಏಳೋವರೆಗೂ ಕಾದ, ಎರಡನೇದರಲ್ಲೂ ಫೇಲು, ಅಲ್ಲಯ್ಯಾ ಹಾರನ್ ಒತ್ತೋಕೇನು ಕಷ್ಟ ಅಂದೆ, ಎರಡು ಕೈಯೂ ಸ್ಟೀರಿಂಗ್ ಮೇಲಿಟ್ಟುಕೊಂಡು ರಸ್ತೆ ನೋಡ್ತಾನೇ ಹೇಳಿದ, ಮೇಡಂ, ನಮ್ಮ ತಂದೆಗೆ ತಲೆನೋವಿತ್ತು, ವರ್ಷಗಟ್ಟಲೆ, ನಮ್ಮನೇಲಿ ಬಾಗಿಲು ಸದ್ದು ಮಾಡಿದ್ದು ನಾನು ಕೇಳೇ ಇಲ್ಲ, ಚಮಚಗಳನ್ನ ಬಟ್ಟೇಲಿ ಸುತ್ತಿಡ್ತಿದ್ವಿ. ಅಷ್ಟು ಉದ್ದದ ಮಾತು ಅವನ ಬಾಯಿಂದ ಆಮೇಲೆ ನಾನು ಕೇಳಿಲ್ಲ. ಅದೇ ದಿನ ನಾನೇ ಕೇಳಿದ್ದು, ಸಂಜೆ ಹೊತ್ತು ನಾವು ಈ ಡ್ರೈವಿಂಗ್ ಸ್ಕೂಲಿನಲ್ಲೇ ಬ್ಯಾಂಡ್ ಬಾರಿಸ್ತೀವಿ, ಏನಾದರೂ ಬರುತ್ತಾ ನಿನಗೆ ಅಂತ, ಗಿಟಾರ್ ಅಂದ, ಗಾಳಿ ಅಂದಂತೆ. ಮೂರು ವರ್ಷ ಆಯ್ತು. ಅಕ್ಕ ಹಾಡ್ತಾಳೆ, ಅವಳು ಶಾಲೆಯಲ್ಲಿ ಆಟದ ಟೀಚರ್, ಮೈದಾನದ ಆ ತುದಿಗೆ ಕೇಳೋ ಗಂಟಲು, ಭಾವ ಬೇಸ್ ನುಡಿಸ್ತಾರೆ, ಔಷಧಿ ಅಂಗಡಿಯವರು, ಚೀಟಿ ನೋಡಿ ಮಾತ್ರೆ ಎಣಿಸಿ ಕೊಟ್ಟಂತೆ ಒಂದೊಂದೇ ಸ್ವರ, ಇವರಿಬ್ಬರ ನಡುವೆ ಮೌನಿ, ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು, ಗೋಡೆಗೆ ಅಂಟಿದ ಸಂಚಾರ ಚಿಹ್ನೆಗಳ ಚಾರ್ಟಿಗೆ ಬೆನ್ನು ಕೊಟ್ಟು, ಸ್ವಚ್ಛವಾಗಿ, ಒಂದು ಬೆರಳೂ ತಪ್ಪದೆ, ಯಾರಿಗೂ ಕೇಳಿಸದಂತೆ ನುಡಿಸ್ತಾನೆ.

ಮೊನ್ನೆ ಮೆಸೇಜು, ಮೇಡಂ ಶನಿವಾರಕ್ಕೆ ಬೇರೆಯವರನ್ನ ನೋಡ್ಕೊಳ್ಳಿ, ನನಗೆ ಬೇಕಾದ ಸದ್ದು ಬರ್ತಿಲ್ಲ, ಕ್ಷಮಿಸಿ. ಶನಿವಾರ ನಮ್ಮ ಮೊದಲ ಕಾರ್ಯಕ್ರಮ, ಟಿಕೆಟ್ ಕೊಟ್ಟು ಜನ ಬರ್ತಾರೆ. ಅಕ್ಕ ಕೇಳಿದ್ದೇ, ಹೋಗ್ಲಿ ಬಿಡೇ, ಆ ದಂತವೈದ್ಯರು ಬರ್ತೀನಿ ಅಂತ ತುದಿಗಾಲಲ್ಲಿ ನಿಂತಿದಾರೆ, ಚೆನ್ನಾಗಿ ನುಡಿಸ್ತಾರೆ, ಮಾತೂ ಆಡ್ತಾರೆ. ಆಡ್ತಾರೆ, ಅದೇ ಅವರ ತೊಂದರೆ. ಯಾವ ಸದ್ದಪ್ಪಾ ಬೇಕು ನಿನಗೆ ಅಂತ ಅವನನ್ನ ಕೇಳಿ ಪ್ರಯೋಜನ ಇಲ್ಲ, ಕೇಳಬೇಕಾಗೂ ಇಲ್ಲ, ನನಗೆ ಗೊತ್ತು — ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜೋನು, ಒಂದು ಮಧ್ಯಾಹ್ನ ಅವನ ಲೈಸೆನ್ಸ್ ಕೊಡೋಕೆ ಹೋಗಿದ್ದೆ, ಕೊನೆಗೂ ಪಾಸಾಗಿದ್ದ, ಹಿಂದಿನ ಕೋಣೆಯಲ್ಲಿ ಸಾಣೆ ಚಕ್ರ ತಿರುಗ್ತಿತ್ತು, ನೀರು ಚಿಮುಕಿಸ್ತಿತ್ತು, ಲೆನ್ಸು ಜಾರಿತು, ಅಂಚು ಮುಕ್ಕಾಗಿ ಚಕ್ರಕ್ಕೆ ಸಿಕ್ಕಿ ಕ್ರ್‌ರ್‌ರ್ ಅಂತು, ಅಯ್ಯೋ, ನನ್ನ ದವಡೆ ಜೋಮು ಹಿಡೀತು, ಯಾರಾದರೂ ಥಟ್ಟನೆ ಕೈ ತೆಗೀತಾರೆ, ಇವನು ತೆಗೀಲಿಲ್ಲ. ಹೇಗೂ ಹಾಳಾದ ಗಾಜು, ಒಂದು ಕ್ಷಣ, ಎರಡು ಕ್ಷಣ, ಒತ್ತಿ ಹಿಡಿದ, ಮುಖ ಬೆಳಗ್ತು, ನಿಜವಾಗ್ಲೂ ಬೆಳಗ್ತು, ಆಮೇಲೆ ನನ್ನ ಕಂಡು ಸ್ವಿಚ್ ಆರಿಸಿ, ಬನ್ನಿ ಮೇಡಂ ಅಂದ. ಆ ಸದ್ದು. ಅದನ್ನ ಹುಡುಕ್ತಾ ನಿನ್ನೆಯಿಂದ ಇದು ನಾಲ್ಕನೇ ಅಂಗಡಿ, ಹೊಸದು ಮಾರೋ ಅಂಗಡಿಯಲ್ಲಿ ಹೇಳಿದ ಬೆಲೆಗೆ ಅವನ ತಿಂಗಳ ಸಂಬಳ ಸಾಲದು, ನಾನು ಕೊಡಬಲ್ಲೆ ಅನ್ನೋದು ಬೇರೆ ಮಾತು, ಅವನು ಮುಟ್ಟಲ್ಲ, ತುಂಬ ಆಯ್ತು ಮೇಡಂ ಅಂತ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಡ್ತಾನೆ, ಅವನ ಮನಸ್ಸಿಗೆ ಭಾರ ಆಗದಷ್ಟು ಅಗ್ಗ ಇರಬೇಕು, ದವಡೆ ಜೋಮು ಹಿಡಿಯೋಷ್ಟು ಕೆಟ್ಟದಿರಬೇಕು.

ಕೆಟ್ಟದ್ದು ಅಂದ್ರೆ ಎಂಥದ್ದು, ಬಾಯಲ್ಲಿ ಮಾಡಿ ತೋರಿಸು, ಅಂಗಡಿಯಾಕೆ ತಮಾಷೆ ಮಾಡ್ತಿಲ್ಲ, ನಾನು ಬಾಗಿಲ ಕಡೆ ನೋಡ್ತೀನಿ, ಯಾರೂ ಇಲ್ಲ, ನಲವತ್ತಮೂರು ವರ್ಷದವಳು, ಎದೆ ಮೇಲೆ ಡ್ರೈವಿಂಗ್ ಸ್ಕೂಲಿನ ಬಿಲ್ಲೆ, ಕಣ್ಣು ಮುಚ್ಚಿ ಕ್ರ್‌ರ್‌ರ್ ಅಂತೀನಿ, ಗಂಟಲು ಕೆರೆದು ಕೆಮ್ಮು ಬರುತ್ತೆ, ಆಕೆ ಬೆಸುಗೆಕಡ್ಡಿ ಕೆಳಗಿಟ್ಟು, ಓ ಅದಾ, ಎದ್ದು ಹಿಂದಿನ ಬಾಗಿಲಿಗೆ ಹೋಗಿ, ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದ ಡಬ್ಬಿಯನ್ನ ಕಾಲಲ್ಲೇ ನನ್ನ ಕಡೆ ನೂಕ್ತಾರೆ, ಬಣ್ಣ ಹೋಗಿದೆ, ಒಂದು ತಿರುಪಿಲ್ಲ, ಯಾರೋ ರಿಪೇರಿಗೆ ಕೊಟ್ಟು ಆರು ವರ್ಷ ಆಯ್ತು, ಬರಲೇ ಇಲ್ಲ ಪುಣ್ಯಾತ್ಮ, ಒಳಗೆ ಏನೋ ಸುಟ್ಟಿದೆ. ಸಿಕ್ಕಿಸ್ತೀನಿ, ಒತ್ತೀನಿ, ಮೀಟ್ತೀನಿ — ದವಡೆ! ನನ್ನ ದವಡೆ! ಗಾಜು, ಚಕ್ರ, ನೀರು, ಕಪಾಟಿನಲ್ಲಿದ್ದ ಮೊಳೆಗಳೆಲ್ಲ ಡಬ್ಬದಲ್ಲಿ ಕುಣೀತಿವೆ, ಆಕೆ ಕಿವಿ ಮುಚ್ಚಿಕೊಂಡು ಕೂಗ್ತಿದಾರೆ, ತಾಳು ತಾಳು, ಹತ್ತು ನಿಮಿಷ ಕೊಡು, ಸರಿ ಮಾಡಿಕೊಡ್ತೀನಿ, ಬೇಡ ಅಮ್ಮಾ, ಕೈ ಮುಗೀತೀನಿ, ರಿಪೇರಿ ಮಾತ್ರ ಮಾಡ್ಬೇಡಿ. ಆಕೆ ನಗ್ತಾರೆ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಗ್ತಾರೆ, ನಲವತ್ತು ವರ್ಷದಲ್ಲಿ ಹೀಗೆ ಕೇಳಿದೋಳು ನೀನೊಬ್ಬಳೇ ಕಣಮ್ಮ, ಬಾಗಿಲಿಗೆ ಇಟ್ಟಿದ್ದಕ್ಕೆ ಏನಂತ ದುಡ್ಡು ತಗೊಳ್ಳಲಿ, ಆಮೇಲೆ ನನ್ನ ಬಿಲ್ಲೆ ನೋಡಿ, ದನಿ ಇಳಿಸಿ, ನನ್ನ ವಯಸ್ಸಿನೋರಿಗೆ ಕಲಿಸ್ತೀಯಾ, ಮಕ್ಕಳಿಗೆ ಹೇಳಲ್ಲ, ಸುಮ್ಮನೆ ಒಂದಿನ ಅವರ ಮನೆ ಮುಂದೆ ಹೋಗಿ ಕಾರು ನಿಲ್ಲಿಸಬೇಕು. ಬುಧವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂತೀನಿ, ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ.

ಬ್ಯಾಂಡಿನ ಕೇಬಲ್ ವಾಪಸ್ ಕೊಡು ಅಂತ ನೆಪ ಹೇಳಿ ಸಂಜೆ ಅವನನ್ನ ಸ್ಕೂಲಿಗೆ ಕರೆಸಿದೀನಿ, ಬಂದ, ಕೇಬಲ್ಲನ್ನ ಉಂಗುರ ಉಂಗುರವಾಗಿ ಸುತ್ತಿ ದಾರ ಕಟ್ಟಿ ತಂದಿದಾನೆ, ಗಿಟಾರೂ ಬೆನ್ನ ಮೇಲಿದೆ, ಯಾಕೆ ತಂದ, ಬಿಟ್ಟು ಹೋಗೋರು ಗಿಟಾರ್ ತರ್ತಾರಾ, ನಾನು ಕೇಳಲ್ಲ, ಅಕ್ಕ ಫೋನಿನಲ್ಲಿ ದಂತವೈದ್ಯರಿಗೆ ದಾರಿ ಹೇಳ್ತಿದಾಳೆ, ಬೇಗ ಬೇಗ, ನಾನು ಡಬ್ಬಿಯನ್ನ ನೆಲದ ಮೇಲಿಡ್ತೀನಿ. ಬಾಗಿಲಿಗೆ ಅಡ್ಡ ಇಟ್ಟಿದ್ದು ಕಣೋ, ಕೆಟ್ಟುಹೋಗಿದೆ, ಬೇಕಾದರೆ ನೋಡು. ಕೆಟ್ಟುಹೋಗಿದ್ಯಾ ಅಂತಾನೆ, ಮಂಡಿಯೂರಿ, ಅದರ ಸವೆದ ಅಂಚನ್ನ ಹೆಬ್ಬೆರಳಲ್ಲಿ ತಡವಿ, ತಿರುಗಿಸಿ ಬ್ಯಾಟರಿ ಗೂಡು ತೆಗೆದರೆ ಖಾಲಿ, ಅಂಗಡಿಯಲ್ಲಿ ಕರೆಂಟಿನ ವೈರು ಚುಚ್ಚಿದ್ದರು, ನನ್ನ ತಲೆಗೆ ಹೊಳೆಯಲೇ ಇಲ್ಲ, ಚೌಕದ ದಪ್ಪ ಬ್ಯಾಟರಿ ಬೇಕು, ಈಗೆಲ್ಲಿ ತರೋದು, ಭಾವ ಜೇಬು ತಡವಿ ಮಾತ್ರೆ ಹಾಳೆ ತೆಗೀತಾರೆ, ಪಾಪ, ಮೌನಿ ಮೆಲ್ಲಗೆ, ಪರವಾಗಿಲ್ಲ ಮೇಡಂ ಅಂತ ಏಳ್ತಿದಾನೆ, ಎದ್ದ, ಗಿಟಾರಿನ ಪಟ್ಟಿ ಸರಿಮಾಡ್ಕೊಂಡ, ಆಗ ಅಕ್ಕ, ಒಂದ್ನಿಮಿಷ ಡಾಕ್ಟ್ರೇ ಅಂತ ಫೋನನ್ನ ಕಿವಿ ಭುಜದ ನಡುವೆ ಸಿಕ್ಕಿಸಿ, ತನ್ನ ವೈರಿಲ್ಲದ ಮೈಕಿನ ಬುಡ ತಿರುಚಿ ಅಂಥದ್ದೇ ಬ್ಯಾಟರಿ ಕಿತ್ತು ಅವನ ಅಂಗೈಗೆ ಹಾಕಿದಳು, ತಗೋ, ನಿನಗೆ ಬೇಕಾದ ಸದ್ದು ಎಂಥದ್ದು ಅಂತ ನಾನೂ ಕೇಳ್ತೀನಿ, ಮೂರು ವರ್ಷದಿಂದ ಕಾದಿದೀನಿ ಮಾರಾಯ.

ಸಿಕ್ಕಿಸಿದ, ಶ್ರುತಿ ನೋಡಿಕೊಂಡ, ಒತ್ತಿದ, ಶೂ ಅಟ್ಟೆ ದಪ್ಪ, ಗುಂಡಿ ಸಿಗ್ತಿಲ್ಲ, ಬಗ್ಗಿ ಬಲಗಾಲಿನ ಶೂ ಬಿಚ್ಚಿ ಪಕ್ಕಕ್ಕಿಟ್ಟ, ಒತ್ತಿದ — ಆಮೇಲೆ ಕೋಣೆಯೇ ಇರಲಿಲ್ಲ, ಕಿಟಕಿ ಗಾಜು, ನನ್ನ ಡ್ರಮ್ಮಿನ ತಟ್ಟೆಗಳು, ಭಾವನ ಕನ್ನಡಕ, ಎಲ್ಲ ಕ್ರ್‌ರ್‌ರ್, ಅಕ್ಕನ ಬಾಯಿ ತೆರೆದೇ ಇದೆ, ಫೋನಿನಿಂದ ಹಲೋ ಹಲೋ, ಅವನು ಕಣ್ಣು ಮುಚ್ಚಿದಾನೆ, ನಾನೂ ಕೋಲು ಎತ್ಕೊಂಡೆ, ಎಷ್ಟು ಹೊತ್ತು ಬಾರಿಸಿದ್ವೋ, ನಿಂತಾಗ ಅವನು ಕೇಳಿದ್ದು, ಜೋರಾಯ್ತಾ ಮೇಡಂ, ಇಲ್ಲ ಅಂದೆ, ಅಕ್ಕ ಫೋನಿಗೆ, ಡಾಕ್ಟ್ರೇ, ಜನ ಸಿಕ್ಕಿದ್ರು, ಹ್ಞಾಂ, ನಮ್ಮೋರೇ, ಅವನು ಕುತ್ತಿಗೆಯ ಗುಂಡಿ ಮುಟ್ಟಿ ನೋಡ್ಕೊಂಡು, ಶನಿವಾರ ಎಷ್ಟು ಗಂಟೆಗೆ, ಆರಕ್ಕೆ ಕಣೋ, ಐದಕ್ಕೇ ಬಾ, ಬರ್ತೀನಿ, ಅಂದವನು ಮತ್ತೆ ಒತ್ತಿದ, ನಾನು ತಾಳ ಕೊಡಬೇಕು, ಕೊಡ್ತಿಲ್ಲ, ನೋಡ್ತಿದೀನಿ, ಇಸ್ತ್ರಿ ಮಾಡಿದ ಪ್ಯಾಂಟು, ಅದರ ಕೆಳಗೆ ಬೂದು ಕಾಲುಚೀಲ, ಚೀಲದ ತುದಿಯಲ್ಲಿ ತೂತು, ತೂತಿನಿಂದ ಆಚೆ ಬಂದ ಹೆಬ್ಬೆರಳು, ಒತ್ತುತ್ತೆ, ಏಳುತ್ತೆ, ಒತ್ತುತ್ತೆ, ಆ ಹೆಬ್ಬೆರಳು, ಬೆತ್ತಲೆ, ಒತ್ತುತ್ತೆ, ಆ ಹೆಬ್ಬೆರಳು