ಮೊಣಕೈ ಕೆಳಗಿನ ರೊಟ್ಟಿ

ಪಕ್ಕದ ಊರು ವಾಡಿಯ ಹೊಸ ವ್ಯಾಯಾಮ ಕ್ಲಬ್ಬಿನಲ್ಲಿ ಡಂಬೆಲ್ ಎತ್ತುವುದನ್ನು ಕಲಿಸುತ್ತಾರೆ, ಇಳಿಸುವುದನ್ನು ಕಲಿಸುವುದಿಲ್ಲ ಎಂದು ಕೇಳಿದ ದಿನದಿಂದ ಅಂಬಾರಾಯನಿಗೆ ಊಟ ಸೇರುತ್ತಿರಲಿಲ್ಲ. ಎತ್ತುವುದೇನು ದೊಡ್ಡ ವಿದ್ಯೆಯೇ? ಶಹಾಬಾದಿನ ಕಲ್ಲುಖಣಿಗಳಲ್ಲಿ ಬೆಳೆದ ಯಾವ ಗಂಡಸು ಎತ್ತುವುದಿಲ್ಲ? ಆದರೆ ಇಳಿಸು ಅನ್ನಿ, ಅಲ್ಲಿ ಎಲ್ಲರ ಬಣ್ಣ ಬಯಲಾಗುತ್ತದೆ. ಖಣಿಯಲ್ಲಿ ನಾಲ್ಕು ಜನ ಉಸಿರು ಬಿಗಿಹಿಡಿದು ಫರಸಿ ಕಲ್ಲಿನ ಹಾಸು ಎತ್ತುತ್ತಾರೆ, ಇಡುವಾಗ ನೆಲಕ್ಕೆ ಇನ್ನೊಂದು ಗೇಣು ಇದೆ ಅನ್ನುವಷ್ಟರಲ್ಲಿ ಥಟ್ಟನೆ ಬಿಟ್ಟು ಬೆರಳು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬಿಡದಿದ್ದರೆ ಬೆರಳು ಚಟ್ನಿಯಾಗುತ್ತದೆ. ಆ ಬಿಡುವ ಚಾಳಿ ಅವರ ಕೈಗೆ ಅಂಟಿಕೊಂಡುಬಿಟ್ಟಿದೆ. ಎದೆ ಕಟ್ಟಲೆಂದು ಅಂಗಾತ ಮಲಗಿ ಎರಡೂ ಕೈಯಲ್ಲಿ ಡಂಬೆಲ್ ಹಿಡಿದಾಗಲೂ ಅವರು ಹಾಗೇ ಬಿಡುತ್ತಾರೆ. ಆಗ ಭಾರವೆಲ್ಲ ಹೋಗಿ ಭುಜದ ಕೀಲಿನ ಮೇಲೆ ಕೂರುತ್ತದೆ. ಕಲ್ಲು ಒಡೆಯುವವನ ಭುಜ ಹೋದರೆ ಅವನ ಹತ್ತಿರ ಇನ್ನೇನು ಉಳಿಯಿತು?

ಅಂಬಾರಾಯ ಸ್ವತಃ ಹಗಲೆಲ್ಲ ಖಣಿಯಲ್ಲಿ ಸುತ್ತಿಗೆ ಬೀಸುವವನು. ನಸುಕಿನಲ್ಲಿ ಮಾತ್ರ ತಾಲೀಮಿನ, ಅಂದರೆ ಊರ ಗರಡಿಯ, ಉಸ್ತಾದ. ರಜಾಕಾರರ ಗದ್ದಲದಲ್ಲಿ ಬಾಗಿಲು ಮುಚ್ಚಿದ್ದ ದಿನಗಳನ್ನು ಬಿಟ್ಟರೆ ಇಪ್ಪತ್ತು ವರ್ಷದಿಂದ ಆ ಪುಟ್ಟ ತಾಲೀಮಿನಲ್ಲಿ ಅವನು ಹೇಳಿದ್ದೇ ಮಾತು. ಅಲ್ಲಿ ಬೆಂಚಿಲ್ಲ, ಕನ್ನಡಿಯಿಲ್ಲ. ನೆಲಕ್ಕೆ ಒಂದು ನುಣುಪಾದ ಫರಸಿ, ಗೋಡೆಗೆ ಒಂದು ಹನುಮಂತನ ಪಟ, ಮೂಲೆಯಲ್ಲಿ ಸಾಲಾಗಿ ಡಂಬೆಲ್‌ಗಳು, ಅಷ್ಟೇ. ಮತ್ತೆ ದಿನಾ ನಸುಕಿಗೆ ಹೆಂಡತಿ ನೀಲಾಬಾಯಿ ಗೊಣಗುತ್ತ ಕಟ್ಟಿಕೊಡುವ ಖಡಕ್ ಜೋಳದ ರೊಟ್ಟಿಗಳು.

ರೊಟ್ಟಿ ಯಾಕೆ ಅಂದರೆ ಆ ತಾಲೀಮಿನ ಪದ್ಧತಿಯೇ ಹಾಗೆ. ಹುಡುಗ ಫರಸಿಯ ಮೇಲೆ ಮಲಗಬೇಕು. ಪಾದ ನೆಲಕ್ಕೆ ಊರಿರಬೇಕು, ಬೆನ್ನಿನ ರೆಕ್ಕೆಮೂಳೆ ಎರಡೂ ಒಂದಕ್ಕೊಂದು ಕೂಡಬೇಕು, ಮಣಿಕಟ್ಟು ನೆಟ್ಟಗಿರಬೇಕು. ಆಮೇಲೆ ಅಂಬಾರಾಯ ಬಂದು ಅವನ ಎರಡೂ ಮೊಣಕೈ ಇಳಿಯುವ ಜಾಗದಲ್ಲಿ ಒಂದೊಂದು ರೊಟ್ಟಿ ಇಡುತ್ತಾನೆ. ಭುಜದ ನೇರಕ್ಕೂ ಅಲ್ಲ, ಪಕ್ಕೆಲುಬಿಗೆ ಹತ್ತಿಯೂ ಅಲ್ಲ, ಎರಡರ ನಡುವೆ. ಉಸಿರು ಬಿಡುತ್ತ ಡಂಬೆಲ್ ಮೇಲಕ್ಕೆ ಒತ್ತಬೇಕು, ಮೇಲೆ ಹೋಗಿ ಒಂದಕ್ಕೊಂದು ಠಣ್ ಅನ್ನಿಸಬಾರದು. ಉಸಿರು ಎಳೆದುಕೊಳ್ಳುತ್ತ ಇಳಿಸಬೇಕು. ಮೊಣಕೈ ರೊಟ್ಟಿಗೆ ತಾಗಬೇಕು, ರೊಟ್ಟಿ ಮುರಿಯಬಾರದು. ತಾಗದಿದ್ದರೆ ಆ ಎಣಿಕೆ ಇಲ್ಲ. ಮುರಿದರೆ ಮುರಿದವನು ಆ ರೊಟ್ಟಿಯನ್ನು ಅಲ್ಲೇ ಎಲ್ಲರೆದುರು ತಿನ್ನಬೇಕು, ಆ ದಿನ ಮತ್ತೆ ಡಂಬೆಲ್ ಮುಟ್ಟುವ ಹಾಗಿಲ್ಲ. ಮೊದಲ ತಿಂಗಳು ಎಲ್ಲ ಹುಡುಗರೂ ರೊಟ್ಟಿ ತಿಂದೇ ಮೈ ಬೆಳೆಸುತ್ತಾರೆ ಎಂದು ಊರವರು ನಗುತ್ತಿದ್ದರು.

ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಬಾರಾಯನ ಅಕ್ಕನ ಮಗ ದೇವಿಂದ್ರಪ್ಪ. ಇಪ್ಪತ್ತನಾಲ್ಕರ ಪ್ರಾಯ, ಮದುವೆಯಾಗಿ ವರ್ಷವಾಗಿದೆ, ಖಣಿಯಲ್ಲಿ ಅವನ ಸುತ್ತಿಗೆಗೆ ಎದುರಿಲ್ಲ. ಮೂರು ತಿಂಗಳ ಹಿಂದೆ ಒಂದು ನಸುಕಿನಲ್ಲಿ ರೊಟ್ಟಿ ಮುರಿದು, ತಿನ್ನದೆ ಎದ್ದು ನಿಂತಿದ್ದ.

“ಮಾವ, ಈ ರೊಟ್ಟಿ ಯಾಕ ಇಡ್ತೀರಿ? ಅದನ್ನರ ಹೇಳ್ರಿ.”

“ನಮ್ಮ ಉಸ್ತಾದ ಇಡ್ತಿದ್ದ, ನಾ ಇಡ್ಲಿಕತ್ತೀನಿ. ಕೇಳಬ್ಯಾಡ, ತಿನ್ನು.”

“ವಾಡ್ಯಾಗ ಚಂದ್ರಾಮ ಕೇಳಿದ್ದಕ್ಕೆಲ್ಲಾ ಜವಾಬು ಕೊಡ್ತಾನಂತ.”

ಚಂದ್ರಾಮ ಅಂದರೆ ಆ ಹೊಸ ಕ್ಲಬ್ಬಿನ ಮಾಸ್ತರ. ಹೈದರಾಬಾದಿನಲ್ಲಿ ಎರಡು ವರ್ಷ ಇದ್ದು ಬಂದವನು, ಬಿಗಿ ಬನಿಯನ್ ಹಾಕಿಕೊಂಡು ಪೇಟೆಯಲ್ಲಿ ತಿರುಗುವವನು. ಅವನ ಹೆಸರು ಕೇಳಿದ್ದೇ ತಡ, ಅಂಬಾರಾಯನ ಪಿತ್ತ ನೆತ್ತಿಗೇರಿತು.

“ಹಂಗಾರ ಅವನ ಹಂತ್ಯಾಕೇ ಹೋಗು! ಮತ್ತೊಮ್ಮೆ ಈ ಹೊಸ್ತಿಲಾ ತುಳದಿ ಅಂದ್ರ ನೋಡು!”

ದೇವಿಂದ್ರಪ್ಪ ಹೋದ. ಹೋದವನು ತಿರುಗಿ ನೋಡಲಿಲ್ಲ. ಅಂಬಾರಾಯನೂ ಕರೆಯಲಿಲ್ಲ.

ಜನವರಿ ಇಪ್ಪತ್ತಾರಕ್ಕೆ ವಾಡಿಯಲ್ಲಿ ಕ್ಲಬ್ಬಿನವರು ಡಂಬೆಲ್ ಪಂದ್ಯ ಇಟ್ಟರು. ಕೈಗೊಂದು ಇಪ್ಪತ್ತು ಸೇರಿನ ಕಬ್ಬಿಣ. ಬೆಂಚಿನ ಮೇಲೆ ಮಲಗಿ ಒಂದು ನಿಮಿಷದಲ್ಲಿ ಯಾರು ಹೆಚ್ಚು ಸಲ ಎತ್ತುತ್ತಾರೋ ಅವರಿಗೆ ಬಹುಮಾನದ ಕಪ್ಪು. ಅಂಬಾರಾಯ ಹೋಗುವುದೇ ಇಲ್ಲ ಎಂದಿದ್ದ. ಆದರೆ ಕ್ಲಬ್ಬಿನ ಪರವಾಗಿ ಎತ್ತುವವನು ದೇವಿಂದ್ರಪ್ಪ ಎಂದು ನೀಲಾಬಾಯಿ ಸುದ್ದಿ ತಂದಳು.

“ನಿಮ್ಮ ಅಕ್ಕನ ಮಗನ ಎಡಭುಜ ನೋಯ್ಲಿಕತ್ತದಂತ ಅವನ ಹೆಂಡ್ತಿ ಹೇಳಿದ್ಲು. ಹೋಗಿ ಒಂದು ಮಾತು ಹೇಳ್ಬಾರದೇನ್ರೀ?”

“ನಾ ಯಾಕ ಹೇಳ್ಲಿ? ಜವಾಬು ಕೊಡಾಂವ ಅಲ್ಲೇ ಅದಾನಲ್ಲ!” ಎಂದು ಗುಡುಗಿದ ಅಂಬಾರಾಯ, ಬೆಳಗಿನ ರೈಲಿಗೆ ಎಲ್ಲರಿಗಿಂತ ಮೊದಲು ಸ್ಟೇಷನ್ನಿನಲ್ಲಿದ್ದ. ಜೊತೆಗೆ ತನ್ನ ತಾಲೀಮಿನ ಶಿಷ್ಯ ಖಾಜಾಮಿಯಾನನ್ನೂ ಕರೆದುಕೊಂಡಿದ್ದ. ಇಳಿಸುವುದು ಅಂದರೆ ಏನು ಅಂತ ವಾಡಿಯವರೂ ಒಮ್ಮೆ ನೋಡಲಿ!

ಪಂದ್ಯದ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಎಣಿಸಲು ನಿಂತವನು ಕ್ಲಬ್ಬಿನ ಅಧ್ಯಕ್ಷ ಗುರುಲಿಂಗಪ್ಪ. ಕಲ್ಲಿನ ವ್ಯಾಪಾರಿ, ಜನ್ಮದಲ್ಲಿ ಊಟದ ತಟ್ಟೆಗಿಂತ ಭಾರದ ವಸ್ತು ಎತ್ತಿದವನಲ್ಲ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಸೀಟಿ.

ಮೊದಲು ಖಾಜಾಮಿಯಾ ಮಲಗಿದ. ಬೆಂಚಿನ ಮೇಲೆ ರೊಟ್ಟಿ ಇಡಲು ಜಾಗವಿರಲಿಲ್ಲ. ಆದರೂ ಅವನ ಮೊಣಕೈ ರೊಟ್ಟಿ ಇದ್ದಷ್ಟೇ ಎತ್ತರದಲ್ಲಿ ಬಂದು ನಿಲ್ಲುತ್ತಿತ್ತು, ಅಲ್ಲಿಂದಲೇ ಮೇಲೇಳುತ್ತಿತ್ತು. ಒಂದೊಂದು ಸಲವೂ ಅಳೆದು ಇಟ್ಟ ಹಾಗೆ. ಅಂಬಾರಾಯನ ಕಣ್ಣು ತುಂಬಿ ಬಂತು. ಜನಕ್ಕೆ ಮಾತ್ರ ಬೇಸರ.

“ಏ, ನಿದ್ದಿ ಬಂತೇನೋ ಮಿಯಾ?” ಎಂದು ಯಾರೋ ಕೂಗಿದರು. ಎಲ್ಲರೂ ಹೋ ಎಂದು ನಕ್ಕರು. ಸೀಟಿ ಊದುವ ಹೊತ್ತಿಗೆ ಹದಿನೈದಾಗಿತ್ತು.

ಆಮೇಲೆ ದೇವಿಂದ್ರಪ್ಪ ಬಂದ. ಮಾವನನ್ನು ನೋಡಿಯೂ ನೋಡದವನ ಹಾಗೆ ಬೆಂಚಿಗೆ ಒರಗಿದ. ಚಂದ್ರಾಮ ತಲೆಯ ಹತ್ತಿರ ನಿಂತು ಚಪ್ಪಾಳೆ ತಟ್ಟತೊಡಗಿದ, “ಹೊಡಿ! ಹೊಡಿ! ಎದಿ ಬಿರೀಬೇಕು!”

ಅದನ್ನು ಎತ್ತುವುದು ಅನ್ನಬೇಕೇ? ಕೈ ಮೇಲೆ ಪೂರ್ತಿ ಹೋಗುತ್ತಿರಲಿಲ್ಲ, ಅರ್ಧಕ್ಕೇ ವಾಪಸು ಬರುತ್ತಿತ್ತು. ಬರುವಾಗ ಇಳಿಯುತ್ತಿರಲಿಲ್ಲ, ಬೀಳುತ್ತಿತ್ತು. ಖಣಿಯಲ್ಲಿ ಹಾಸು ಬಿಡುವ ಅದೇ ಬಿಡುವಿಕೆ! ಬೆಂಚಿಗಿಂತ ಕೆಳಗೆ ಮೊಣಕೈ ಜೋತುಬಿದ್ದು, ಭುಜದ ಕೀಲಿಗೆ ಬಡಿದು, ಆ ಪುಟಿತದಲ್ಲೇ ಮತ್ತೆ ಮೇಲೇಳುತ್ತಿತ್ತು. ಸೊಂಟ ಬೆಂಚಿನಿಂದ ಗೇಣು ಎದ್ದಿತ್ತು. ಎಡ ಮೊಣಕೈಯಂತೂ ಹೊರಕ್ಕೆ ಹೊರಕ್ಕೆ ಸರಿದು ಕಿವಿಯ ಹತ್ತಿರ ಬಂದಿತ್ತು. ಗುರುಲಿಂಗಪ್ಪ ಕುಣಿಕುಣಿದು ಎಣಿಸುತ್ತಿದ್ದ, “ಇಪ್ಪತ್ತು! ಇಪ್ಪತ್ತೊಂದು!”

ಅಂಬಾರಾಯನಿಗೆ ಇನ್ನು ತಡೆಯಲಾಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದ.

“ನಿಲ್ಲಸ್ರಿ! ಇದು ಎಣಿಕಿ ಅಲ್ಲ, ಕಸಾಯಿ ಕೆಲ್ಸ! ಹುಡುಗನ ಭುಜ ಹೋಗ್ಲಿಕತ್ತದ, ಕಣ್ಣಿಗಿ ಕಾಣಸಂಗಿಲ್ಲೇನು ನಿಮಗ? ದೇವಿಂದ್ರಾ, ಒಗಿ ಕೆಳಗ!”

“ಏ ಯಜಮಾನ, ಸೋತೀರಿ, ಸುಮ್ಮ ಕುಂದರ್ರಿ,” ಎಂದ ಗುರುಲಿಂಗಪ್ಪ, ಎಣಿಕೆ ತಪ್ಪೀತೆಂದು ಕಣ್ಣು ಕೂಡ ತಿರುಗಿಸದೆ. “ಇಪ್ಪತ್ತಾರು!”

“ಹೊಟ್ಟಿಕಿಚ್ಚು ನೋಡ್ರಿ,” ಎಂದ ಚಂದ್ರಾಮ ಜನರ ಕಡೆ ತಿರುಗಿ. ಜನ ಸೀಟಿ ಹೊಡೆದರು. ಯಾರೋ ಇಬ್ಬರು ಅಂಬಾರಾಯನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಹೊಟ್ಟೆಕಿಚ್ಚಂತೆ! ಆ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಅವನು. ಇವತ್ತು ಅದೇ ಹುಡುಗನ ಹೆಗಲು ಮುರಿಯುವುದನ್ನು ಚಪ್ಪಾಳೆ ತಟ್ಟುತ್ತ ನೋಡಬೇಕಂತೆ!

ಮೂವತ್ತನಾಲ್ಕಕ್ಕೆ ಎಡಭುಜ ಒಣಕಡ್ಡಿಯ ಹಾಗೆ ಲಟಕ್ ಎಂದಿತು. ಡಂಬೆಲ್ ಕೈ ಜಾರಿ ನೆಲಕ್ಕೆ ಬಿದ್ದು ಉರುಳಿತು. ದೇವಿಂದ್ರಪ್ಪ ಬಾಯಿ ತೆರೆದು ಹಾಗೇ ಬಿದ್ದಿದ್ದ, ಎಡಗೈ ಬೆಂಚಿನಿಂದ ಕೆಳಗೆ ಜೋತಾಡುತ್ತಿತ್ತು.

ಆಗ ಗುರುಲಿಂಗಪ್ಪ ಏನೆಂದ ಗೊತ್ತೇ? “ಮೂವತ್ತನಾಕು! ಕ್ಲಬ್ ಗೆದ್ದದ!” ಎಂದ. ಅಷ್ಟಕ್ಕೇ ಬಿಡದೆ ಕಪ್ಪನ್ನು ತಂದು ಆ ಜೋತುಬಿದ್ದ ಎಡಗೈಗೇ ಹಿಡಿಸಲು ಹೋದ. ಬೆರಳು ಹಿಡಿಯಲಿಲ್ಲ, ಕಪ್ಪು ಬಿದ್ದು ತಗ್ಗಾಯಿತು. ಚಂದ್ರಾಮ ಆಗಲೇ ನಾಲ್ಕು ಹೆಜ್ಜೆ ದೂರ ಸರಿದು ಯಾರಿಗೋ ಹೇಳುತ್ತಿದ್ದ, “ಮೊದಲ ಉಸ್ತಾದ ಕಲಸಿದ್ದು ಕಚ್ಚಾ ಇತ್ತು ನೋಡ್ರಿ, ಅದಕ್ಕ ಹಿಂಗಾಯ್ತು.”

ಅಂಬಾರಾಯ ಕೈ ಎತ್ತಿದ್ದು ನಿಜ. ಖಾಜಾಮಿಯಾ ಅಡ್ಡ ಬರದಿದ್ದರೆ ಅವತ್ತು ಚಂದ್ರಾಮನ ಹಲ್ಲು ಉಳಿಯುತ್ತಿರಲಿಲ್ಲ. “ಉಸ್ತಾದ್, ಮೊದ್ಲ ಇವನ್ನ ನೋಡ್ರಿ,” ಎಂದ ಅವನು. ಇಬ್ಬರೂ ಸೇರಿ ದೇವಿಂದ್ರಪ್ಪನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ದಂಡೋತಿ ಎಂಬ ಹಳ್ಳಿಗೆ ಗಾಡಿ ಹೊಡೆದರು. ಅಲ್ಲಿ ಮಾಶಾಬಿ ಎಂಬ ಮುದುಕಿ ಎಲುಬು ಕೂಡಿಸುತ್ತಿದ್ದಳು. ಅವಳು ಭುಜ ಮುಟ್ಟಿ ನೋಡಿ, ಎಳೆದು ಕೂಡಿಸಿ, ಪಟ್ಟಿ ಕಟ್ಟಿ ಅಂಬಾರಾಯನ ಮೇಲೇ ಹರಿಹಾಯ್ದಳು. “ಕೀಲು ಕುಂತದ, ನರ ಹರದದ. ಆರು ತಿಂಗಳು ಸುತ್ತಿಗಿ ಮುಟ್ಟಂಗಿಲ್ಲ. ಆಮ್ಯಾಲರ ಮುಟ್ಟತಾನೋ ಇಲ್ಲೋ ಅಲ್ಲಾಗೇ ಗೊತ್ತು. ಉಸ್ತಾದ ಅಂತ ಅನಸ್ಕೋತಿ, ಮನಿ ಹುಡುಗಗ ಇಷ್ಟು ಕಲಸ್ಲಿಕ್ಕಾಗಲಿಲ್ಲೇನು ನಿನಗ?”

ಊರಿಗೆ ಮರಳುವ ದಾರಿಯುದ್ದಕ್ಕೂ ಅಂಬಾರಾಯ ಕುದಿಯುತ್ತಿದ್ದ. ಗುರುಲಿಂಗಪ್ಪನನ್ನು ಬೈದ, ಚಂದ್ರಾಮನ ವಂಶವನ್ನೇ ಜಾಲಾಡಿದ, ನಕ್ಕ ಜನರನ್ನು ಬೈದ, ಬೆಂಚು ಮಾಡಿದ ಬಡಗಿಯನ್ನೂ ಬಿಡಲಿಲ್ಲ. ಗಾಡಿ ಕಾಗಿಣೆ ಹೊಳೆಯ ದಂಡೆ ದಾಟುವ ತನಕ ದೇವಿಂದ್ರಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

“ರೊಟ್ಟಿ ಯಾಕಂತ ಅವತ್ತು ಒಂದು ಮಾತು ಹೇಳಿದ್ರ ನಾ ಹೋಗ್ತಿದ್ದಿಲ್ಲ ಮಾವ.”

ಶಹಾಬಾದ್ ಬರುವ ತನಕ ಅಂಬಾರಾಯ ಎತ್ತಿನ ಬೆನ್ನನ್ನೇ ನೋಡುತ್ತ ಕುಳಿತ.

ಮರುದಿನ ನಸುಕಿಗೆ ಅವನು ತಾಲೀಮಿನಲ್ಲಿ ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿಕೊಂಡ. ಇಪ್ಪತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ, ಬಾಯಿಬಿಟ್ಟು ಹೇಳಿದ. ಕಲ್ಲು ಬಿಟ್ಟು ಬಿಟ್ಟು ನಮ್ಮ ಕೈಗೆ ಬಿಡುವುದೇ ರೂಢಿಯಾಗಿದೆ, ರೊಟ್ಟಿ ಆ ರೂಢಿಯನ್ನು ಬಿಡಿಸಲಿಕ್ಕೆ. ರೊಟ್ಟಿ ಇರುವ ಕಡೆ ಮೊಣಕೈ ಬಂದರೆ ಭಾರ ಎದೆಯ ಮೇಲೆ ನಿಲ್ಲುತ್ತದೆ, ಕಿವಿಯ ಕಡೆ ಸರಿದರೆ ಕೀಲನ್ನು ತಿನ್ನುತ್ತದೆ. ಎದೆ ಬೆಳೆಯುವುದು ಎತ್ತುವಾಗ ಎಷ್ಟೋ, ಇಳಿಸುವಾಗಲೂ ಅಷ್ಟೇ. ಹೇಳುತ್ತ ಹೇಳುತ್ತ ವಾಡಿಯ ಬಯಲು ಕಣ್ಣಿಗೆ ಬಂತು, ಆ ಕಪ್ಪು, ಆ ಜೋತುಬಿದ್ದ ಕೈ, ಆ ನಗು. ಇಷ್ಟೇ ನಾಲ್ಕು ಮಾತು! ಇಷ್ಟನ್ನು ಅವತ್ತು ಹೇಳಲು ತನಗೇನು ಧಾಡಿಯಾಗಿತ್ತು? ಅಂಬಾರಾಯನ ಧ್ವನಿ ಏರಿತು.

“ನೋಡ್ರಿಲ್ಲಿ, ನಾನೇ ತೋರಸ್ತೀನಿ,” ಎಂದು ಫರಸಿಯ ಮೇಲೆ ಮಲಗಿದ. ಖಾಜಾಮಿಯಾ ಎರಡು ರೊಟ್ಟಿ ಇಟ್ಟ. ಅಂಬಾರಾಯ ಡಂಬೆಲ್ ಮೇಲಕ್ಕೆ ಒತ್ತಿದ, ಇಳಿಸಿದ.

ಚಟ್ ಎಂದಿತು. ಎಡ ಮೊಣಕೈ ಕೆಳಗಿನ ರೊಟ್ಟಿ ನಾಲ್ಕು ಚೂರಾಗಿತ್ತು.

ಉಸ್ತಾದ ರೊಟ್ಟಿ ಮುರಿದದ್ದನ್ನು ಕಂಡವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಂಬಾರಾಯ ಎದ್ದು ಕುಳಿತ, ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡ, ಎಲ್ಲರೆದುರು ತಿನ್ನತೊಡಗಿದ.

“ಯಾಕ ಮುರೀತು ಮಾವ?”

ಬಾಗಿಲ ಕಡೆಯಿಂದ ಬಂತು ಮಾತು. ದೇವಿಂದ್ರಪ್ಪ ನಿಂತಿದ್ದ, ಎಡಗೈ ಕೊರಳಿಗೆ ಕಟ್ಟಿಕೊಂಡು, ಹೊಸ್ತಿಲಿನ ಹೊರಗೆ. ಯಾವಾಗಿನಿಂದ ನಿಂತಿದ್ದನೋ, ಒಂದು ಹೆಜ್ಜೆಯೂ ಒಳಗೆ ಇಟ್ಟಿರಲಿಲ್ಲ.

ಅಂಬಾರಾಯ ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದ.

“ಸಿಟ್ಟಿನಾಗ ಇಳಿಸಿದೆ ದೇವಿಂದ್ರಾ,” ಎಂದ. “ಅಲ್ಲೇ ಯಾಕ ನಿಂತಿ? ಒಳಗ ಬಾ, ಎಲ್ಲಾ ಹೇಳ್ತೀನಿ.”